ಚೆಂಡು ಯಾರ ಸ್ವತ್ತು?

 

ಈ ಸಲದ ಗೋಡೆ ಪತ್ರಿಕೆಗೆ ಏನಾದರೂ ಬರೆದುಕೊಡು ಅಂತ ಕನ್ನಡ ಮೇಷ್ಟ್ರು ಹೇಳಿದಾಗ ನಾನು ಮೊದಲು ‘ನೀರಿನ ಮಹತ್ವ’ ಬರೆಯೋಣ ಅಂದುಕೊಂಡಿದ್ದೆ. ಆದರೆ ಅದು ಹೋದ ಸಲವೂ ಬಂದಿತ್ತು, ಅದರ ಹಿಂದಿನ ಸಲವೂ ಬಂದಿತ್ತು. ಅದಕ್ಕೇ ನನ್ನ ಮನಸ್ಸಿನಲ್ಲಿ ಕುದಿಯುತ್ತಿರುವ ವಿಷಯವನ್ನೇ ಬರೀತಿದ್ದೀನಿ. ಕೆಲವರಿಗೆ ಕೋಪ ಬರಬಹುದು. ಬಂದರೂ ಪೂರ್ತಿ ಓದಿ ಆಮೇಲೆ ಕೋಪ ಮಾಡಿಕೊಳ್ಳಿ ಅಂತ ಕೇಳಿಕೊಳ್ಳುತ್ತೇನೆ.

ವಿಷಯ ನಮ್ಮ ಫುಟ್‌ಬಾಲ್ ಚೆಂಡಿನದು.

ನಿಮಗೆಲ್ಲ ಗೊತ್ತಿರುವ ಹಾಗೆ ನಮ್ಮ ಕಡೆ ಆಟ ಅಂದರೆ ಕಬಡ್ಡಿ, ಖೋ ಖೋ, ವಾಲಿಬಾಲ್, ಇಲ್ಲಾಂದ್ರೆ ಕ್ರಿಕೆಟ್. ಫುಟ್‌ಬಾಲ್ ಟಿ.ವಿ.ಯಲ್ಲಿ ನೋಡಿದ್ದೇ ಹೆಚ್ಚು. ಆದರೂ ನಾವು ತಲಾ ಇಪ್ಪತ್ತು ರೂಪಾಯಿ ಹಾಕಿ ಪಾವಗಡದಿಂದ ಒಂದು ಚೆಂಡು ತರಿಸಿದೆವು. ಒಂಬತ್ತನೇ ತರಗತಿಯವರು, ಹತ್ತನೇ ತರಗತಿಯವರು, ಆರು ಏಳರ ಪುಟಾಣಿಗಳು, ಎಲ್ಲರೂ ದುಡ್ಡು ಕೊಟ್ಟಿದ್ದರು. ಎರಡು ವಾರ ಚೆನ್ನಾಗಿ ಆಡಿದ್ವಿ. ಮೂರನೇ ವಾರ ಜಗಳ ಶುರುವಾಯಿತು. ಕ್ಯಾಪ್ಟನ್ ಯಾರು? ಚೆಂಡು ರಾತ್ರಿ ಯಾರ ಮನೆಯಲ್ಲಿ ಇರಬೇಕು? ಹತ್ತನೇ ತರಗತಿಯವರು “ನಾವು ದೊಡ್ಡವರು, ನಮ್ಮ ಹತ್ರಾನೇ ಇರಲಿ” ಅಂದರು. ನಮ್ಮ ತರಗತಿಯವರು “ಪಾವಗಡಕ್ಕೆ ಬಸ್ಸಲ್ಲಿ ಹೋಗಿ ತಂದೋರು ನಾವು” ಅಂದರು. ಒಬ್ಬರು ಗಾಳಿ ತುಂಬುವ ಪಂಪನ್ನು ಬಚ್ಚಿಟ್ಟರು, ಇನ್ನೊಬ್ಬರು ಚೆಂಡನ್ನೇ ಬಚ್ಚಿಟ್ಟರು.

ಪಿ.ಟಿ. ಮೇಷ್ಟ್ರು ಬಂದು ಯಾರನ್ನೂ ಬೈಯಲಿಲ್ಲ. ಚೆಂಡನ್ನೂ ಪಂಪನ್ನೂ ತಗೊಂಡು ಬೀರುವಿನಲ್ಲಿ ಇಟ್ಟು ಬೀಗ ಹಾಕಿದರು. “ನೀವೇ ಕೂತು ನಿಯಮ ಬರೆದುಕೊಂಡು ಬನ್ನಿ. ಆಮೇಲೆ ಚೆಂಡು. ಭಾರತ ದೇಶಕ್ಕೇ ಹೀಗಾಗಿತ್ತು, ನೀವು ಯಾವ ಲೆಕ್ಕ?” ಅಂದು ನಕ್ಕರು.

ದೇಶಕ್ಕೇ ಹೀಗಾಗಿತ್ತು ಅಂದರೆ ಏನು? ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅವರನ್ನೇ ಕೇಳಿದೆ, ಹಳೇ ಪತ್ರಿಕೆಗಳನ್ನು ಹುಡುಕಿದೆ, ಓದಿದೆ. ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ಕಥೆ ಸ್ವಲ್ಪ ಉದ್ದ, ಆದರೆ ನಮ್ಮ ಕಥೆಯ ಹಾಗೇ ಇದೆ.

ನಮ್ಮ ದೇಶದಲ್ಲಿ ಫುಟ್‌ಬಾಲ್ ತಂದವರು ಬ್ರಿಟಿಷರು. 1893ರಲ್ಲಿ ಕಲ್ಕತ್ತಾದಲ್ಲಿ ‘ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್’ ಅಂತ ಒಂದು ಸಂಘ ಹುಟ್ಟಿತು. ಹೆಸರು ಇಂಡಿಯನ್ ಆದರೂ ಅದು ನೋಡಿಕೊಳ್ಳುತ್ತಿದ್ದದ್ದು ಬಂಗಾಳದ ಆಟವನ್ನು. ಬಹಳ ವರ್ಷ ಅದರೊಳಗೆ ಬಿಳಿಯರದ್ದೇ ದರ್ಬಾರು. 1911ರಲ್ಲಿ ಮೋಹನ್ ಬಾಗಾನ್ ತಂಡದವರು ಅದೇ ಸಂಘದ ಶೀಲ್ಡ್ ಪಂದ್ಯದಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ಎಂಬ ಬ್ರಿಟಿಷ್ ಸೈನ್ಯದ ತಂಡವನ್ನು 2–1ರಿಂದ ಸೋಲಿಸಿದರು. ಹನ್ನೊಂದು ಜನರಲ್ಲಿ ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲು! ಆಗ ದೇಶವೇ ಕುಣಿದಾಡಿತಂತೆ. ಆದರೆ ಇಡೀ ದೇಶಕ್ಕೆ ಅಂತ ಒಂದು ಸಂಸ್ಥೆ ಆಗಲೂ ಇರಲಿಲ್ಲ. ಬಂಗಾಳದವರು “ನಾವೇ ಹಿರಿಯರು” ಅನ್ನುವುದು, ಬೇರೆ ಪ್ರಾಂತ್ಯದವರು “ನಮಗೂ ಮಾತಿರಬೇಕು” ಅನ್ನುವುದು, ಹೀಗೆ ವರ್ಷಗಟ್ಟಲೆ ಎಳೆದಾಟ ನಡೆಯಿತು. ಕೊನೆಗೆ 1937ನೇ ಇಸವಿ ಜೂನ್ 23ರಂದು ಶಿಮ್ಲಾದಲ್ಲಿ, ಸೈನ್ಯದ ಪ್ರಧಾನ ಕಚೇರಿಯಲ್ಲಿ ಎಲ್ಲರೂ ಸೇರಿ ‘ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್’ ಕಟ್ಟಿದರು. ಎಐಎಫ್‌ಎಫ್ ಅನ್ನುವುದು ಇದನ್ನೇ. 1948ರಲ್ಲಿ ಇದು ವಿಶ್ವ ಸಂಸ್ಥೆಯಾದ ಫಿಫಾಕ್ಕೆ ಸೇರಿತು. 1954ರಲ್ಲಿ ಏಷ್ಯಾದ ಒಕ್ಕೂಟ ಹುಟ್ಟಿದಾಗ ಅದರ ಸ್ಥಾಪಕ ಸದಸ್ಯರಲ್ಲಿ ಭಾರತವೂ ಒಂದು.

ನಮ್ಮ ಕರ್ನಾಟಕದ ಪಾತ್ರವೂ ಇದರಲ್ಲಿ ಸಣ್ಣದಲ್ಲ. ಫೆಡರೇಷನ್ ಹುಟ್ಟಿದ ಅದೇ 1937ರಲ್ಲಿ ಬ್ಯಾಂಗಲೂರ್ ಮುಸ್ಲಿಮ್ಸ್ ಅನ್ನುವ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ಸೈನ್ಯದ ತಂಡಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ನಮ್ಮ ಬೆಂಗಳೂರಿನದು. ಮರು ವರ್ಷವೂ ಅವರೇ ಗೆದ್ದರು. ಸಂತೋಷ್ ಟ್ರೋಫಿ ಅಂತ ರಾಜ್ಯ ರಾಜ್ಯಗಳ ನಡುವಿನ ಪಂದ್ಯಾವಳಿ 1941ರಲ್ಲಿ ಶುರುವಾಯಿತು. ಅದನ್ನು ಮೈಸೂರು ತಂಡ ನಾಲ್ಕು ಸಲ ಗೆದ್ದಿದೆ. ಕೊನೆಯದು 1968–69ರಲ್ಲಿ. ಆಮೇಲೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಮತ್ತೆ ಕಪ್ ತಂದಿತು. ನಮ್ಮಲ್ಲಿ ಎಷ್ಟು ಜನಕ್ಕೆ ಈ ಸುದ್ದಿ ಗೊತ್ತಿತ್ತು? ಕ್ರಿಕೆಟ್ ಆಗಿದ್ದರೆ ಊರಲ್ಲಿ ಪಟಾಕಿ ಹೊಡೀತಿದ್ವಿ.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿತು. ಹೆಚ್ಚಿನವರು ಬರಿಗಾಲಲ್ಲೇ ಆಡಿದರು. ಎರಡು ಪೆನಾಲ್ಟಿ ಸಿಕ್ಕಿದ್ದವು, ಎರಡೂ ಕೈತಪ್ಪಿದವು. 2–1ರಿಂದ ಸೋತೆವು. ನಮ್ಮ ಕಡೆಯ ಆ ಒಂದು ಗೋಲು ಹೊಡೆದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮಗೆ 10–1ರಿಂದ ಬಡಿಯಿತು. ಅಲ್ಲೂ ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಆ ಸೋಲಿನ ನಂತರ ಫೆಡರೇಷನ್ ‘ಇನ್ನು ಮೇಲೆ ಬೂಟು ಕಡ್ಡಾಯ’ ಎಂದು ನಿಯಮ ಮಾಡಿತು. ಆಮೇಲೆ ಏನಾಯಿತು ನೋಡಿ. ನಾಲ್ಕೇ ವರ್ಷಕ್ಕೆ, 1956ರಲ್ಲಿ ಮೆಲ್ಬರ್ನ್‌ನಲ್ಲಿ ಭಾರತ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ಸೆಮಿಫೈನಲ್‌ಗೆ ಹೋಯಿತು. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ಅಲ್ಲಿಗೆ ಹೋದ ಮೊದಲ ಏಷ್ಯಾ ದೇಶ ನಮ್ಮದು. ನೆವಿಲ್ ಡಿಸೋಜಾ ಒಬ್ಬರೇ ಮೂರು ಗೋಲು ಹೊಡೆದರು. ಆ ತಂಡದಲ್ಲಿ ನಮ್ಮ ಕೆಂಪಯ್ಯನವರೂ ಇದ್ದರು. 1951ರಲ್ಲಿ ದೆಹಲಿಯಲ್ಲಿ, 1962ರಲ್ಲಿ ಜಕಾರ್ತದಲ್ಲಿ ಏಷ್ಯನ್ ಗೇಮ್ಸ್ ಚಿನ್ನವೂ ಬಂತು. ತರಬೇತುದಾರರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್, ಅವರು ವೃತ್ತಿಯಲ್ಲಿ ಶಾಲಾ ಮೇಷ್ಟ್ರು.

ಹಾಗಂತ ಫೆಡರೇಷನ್ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳಲ್ಲ. 1950ರಲ್ಲಿ ಬ್ರೆಜಿಲ್‌ನ ವಿಶ್ವಕಪ್‌ಗೆ ಭಾರತಕ್ಕೆ ಜಾಗ ಸಿಕ್ಕಿತ್ತು. ನಾವು ಹೋಗಲೇ ಇಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅದಕ್ಕೇ ಹೋಗಲಿಲ್ಲ ಅನ್ನುವ ಕಥೆಯನ್ನು ನಾನೂ ಕೇಳಿದ್ದೆ. ಅದು ಪೂರ್ತಿ ನಿಜವಲ್ಲ. ದೂರದ ಪ್ರಯಾಣ, ಅಭ್ಯಾಸಕ್ಕೆ ಸಮಯವಿಲ್ಲ, ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ ಅಂತೆಲ್ಲ ಕಾರಣ ಕೊಟ್ಟು ಫೆಡರೇಷನ್ನೇ ಹಿಂದೆ ಸರಿಯಿತು. ಆಗಿನವರಿಗೆ ಒಲಿಂಪಿಕ್ಸೇ ದೊಡ್ಡದು, ವಿಶ್ವಕಪ್ಪಿನ ಬೆಲೆ ತಿಳಿಯಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮ ಗಂಡಸರ ತಂಡ ವಿಶ್ವಕಪ್ಪಿನಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. ಮೇಜಿನ ಸುತ್ತ ಕೂತ ನಾಲ್ಕು ಜನರ ಒಂದು ನಿರ್ಧಾರ ಎಷ್ಟು ತಲೆಮಾರಿಗೆ ಮುಟ್ಟುತ್ತೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಹೆಣ್ಣುಮಕ್ಕಳ ಕಥೆ ಕೇಳಿ. ಫೆಡರೇಷನ್ ಬಹಳ ಕಾಲ ಹೆಣ್ಣುಮಕ್ಕಳ ಆಟವನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಅದಕ್ಕೆ 1975ರಲ್ಲಿ ಬೇರೆಯವರು ಸೇರಿ ಮಹಿಳಾ ಫುಟ್‌ಬಾಲ್ ಫೆಡರೇಷನ್ ಅಂತ ಪ್ರತ್ಯೇಕವಾಗಿ ಕಟ್ಟಿಕೊಂಡರು. ಸಾಕಷ್ಟು ದುಡ್ಡಿಲ್ಲದಿದ್ದರೂ ನಮ್ಮ ಹುಡುಗಿಯರು ಏಷ್ಯಾ ಮಟ್ಟದಲ್ಲಿ ಎರಡು ಸಲ ಎರಡನೇ ಸ್ಥಾನಕ್ಕೆ ಬಂದರು. 1983ರಲ್ಲಿ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. 1990ರ ದಶಕದ ಆರಂಭದಲ್ಲಷ್ಟೇ ಹೆಣ್ಣುಮಕ್ಕಳ ಆಟ ಮುಖ್ಯ ಫೆಡರೇಷನ್ನಿನ ಒಳಗೆ ಬಂತು. ಇದನ್ನು ಓದುವಾಗ ನಮ್ಮ ಶಾಲೆಯ ಮೈದಾನ ನನ್ನ ಕಣ್ಣ ಮುಂದೆ ಬಂತು. ಯಾಕೆ ಅಂತ ಕೊನೆಗೆ ಹೇಳ್ತೀನಿ.

ಈಗ ಮೇಷ್ಟ್ರು ಹೇಳಿದ ಬೀಗದ ಕಥೆಗೆ ಬರೋಣ.

ಫೆಡರೇಷನ್ನಿಗೆ ಹೊಸ ಸಂವಿಧಾನ ಬೇಕು ಅಂತ 2017ರಲ್ಲೇ ಸುಪ್ರೀಂ ಕೋರ್ಟ್ ಕರಡು ಬರೆಯಲು ಇಬ್ಬರನ್ನು ನೇಮಿಸಿತ್ತು. ಅದು ಮುಗಿಯಲಿಲ್ಲ. ಆಗಿನ ಪದಾಧಿಕಾರಿಗಳ ಅವಧಿ 2020ರಲ್ಲಿ ಮುಗಿದರೂ ಚುನಾವಣೆ ಆಗಲಿಲ್ಲ. 2022ರ ಮೇ ತಿಂಗಳಲ್ಲಿ ಕೋರ್ಟ್ ಅವರನ್ನು ಇಳಿಸಿ ಮೂರು ಜನರ ಆಡಳಿತ ಸಮಿತಿ ಇಟ್ಟಿತು. ಹೊರಗಿನವರು ಕೈ ಹಾಕಬಾರದು ಅನ್ನುವುದು ಫಿಫಾದ ನಿಯಮ. ಅದನ್ನು ಮೀರಿದ್ದೀರಿ ಅಂತ ಹೇಳಿ ಫಿಫಾ 2022ರ ಆಗಸ್ಟ್‌ನಲ್ಲಿ, ನಮ್ಮ ಸ್ವಾತಂತ್ರ್ಯದ 75 ವರ್ಷದ ಹಬ್ಬದ ಹೊತ್ತಿಗೇ, ಭಾರತವನ್ನು ಅಮಾನತು ಮಾಡಿಬಿಟ್ಟಿತು! 85 ವರ್ಷದಲ್ಲಿ ಅದೇ ಮೊದಲು.

ಅದರ ಪೆಟ್ಟು ಬಿದ್ದದ್ದು ಯಾರಿಗೆ? ಕುರ್ಚಿಯಲ್ಲಿ ಕೂತವರಿಗಲ್ಲ. ಕೇರಳದ ಗೋಕುಲಂ ತಂಡದ ಹುಡುಗಿಯರು ಏಷ್ಯಾ ಕ್ಲಬ್ ಪಂದ್ಯ ಆಡಲು ಅಷ್ಟು ದೂರ ಉಜ್ಬೇಕಿಸ್ತಾನದ ತಾಷ್ಕೆಂಟ್‌ಗೆ ಹೋಗಿ ಇಳಿದಿದ್ದರು. ಅವರು ಆಡದೇ ವಾಪಸ್ಸು ಬರಬೇಕಾಯಿತು. ಅಕ್ಟೋಬರ್‌ನಲ್ಲಿ ನಮ್ಮ ದೇಶದಲ್ಲೇ ನಡೆಯಬೇಕಿದ್ದ 17 ವರ್ಷದೊಳಗಿನ ಹೆಣ್ಣುಮಕ್ಕಳ ವಿಶ್ವಕಪ್ ಕೂಡ ಕೈಬಿಟ್ಟು ಹೋಗುವ ಹಾಗಾಗಿತ್ತು. ಆ ತಂಡದ ಹುಡುಗಿಯರು ನಮಗಿಂತ ಎರಡು ಮೂರು ವರ್ಷ ದೊಡ್ಡವರು ಅಷ್ಟೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ. ಪುಣ್ಯಕ್ಕೆ ಕೋರ್ಟ್ ತನ್ನ ಸಮಿತಿಯನ್ನು ಹಿಂದೆ ತೆಗೆದುಕೊಂಡಿತು. ಆಗಸ್ಟ್ 26ರಂದು ಫಿಫಾ ಅಮಾನತು ತೆಗೆಯಿತು, ವಿಶ್ವಕಪ್ಪೂ ಇಲ್ಲೇ ನಡೆಯಿತು.

ಸೆಪ್ಟೆಂಬರ್ 2ರಂದು ಚುನಾವಣೆ ನಡೆದು ಕಲ್ಯಾಣ್ ಚೌಬೆ ಅಧ್ಯಕ್ಷರಾದರು. ಆಟಗಾರರಾಗಿದ್ದವರು ಅಧ್ಯಕ್ಷರಾದದ್ದು ಅದೇ ಮೊದಲು. ಅವರಿಗೆ 33 ಮತ, ಹೆಸರಾಂತ ಆಟಗಾರ ಬೈಚುಂಗ್ ಭುಟಿಯಾ ಅವರಿಗೆ ಒಂದೇ ಮತ. ಯಾಕೆ ಹಾಗೆ ಅಂತ ಮೇಷ್ಟ್ರನ್ನು ಕೇಳಿದೆ. ಮತ ಹಾಕಿದ್ದು ರಾಜ್ಯ ಸಂಘಗಳು ಮಾತ್ರ. ಮೊದಲು 36 ಹಿರಿಯ ಆಟಗಾರರಿಗೂ ಮತ ಕೊಡಬೇಕು ಅಂತ ಇತ್ತು, ಫಿಫಾ ಒಪ್ಪದ ಕಾರಣ ಅದು ಬಿದ್ದುಹೋಯಿತು. ಆಡುವವರ ಆಟ, ಆದರೆ ಆಡಿದವರಿಗೆ ಮತ ಇಲ್ಲ! ಇದು ನನಗೆ ಸರಿ ಅನ್ನಿಸಲಿಲ್ಲ. ಫಿಫಾ ಹೇಳುವುದರಲ್ಲೂ ಅರ್ಥ ಇದೆ. ಸರ್ಕಾರವೋ ಇನ್ನೊಬ್ಬರೋ ಮೇಲಿಂದ ಬಂದು ಸಂಘವನ್ನು ನಡೆಸಿದರೆ ನಾಳೆ ಯಾರು ಬೇಕಾದರೂ ಕೈ ಹಾಕಬಹುದು. ಆದರೆ ಒಳಗಿನವರು ಸರಿಯಾಗಿ ಸಮಯಕ್ಕೆ ಚುನಾವಣೆ ಮಾಡಿದ್ದರೆ ಹೊರಗಿನವರು ಬರುವ ಪ್ರಮೇಯವೇ ಇರುತ್ತಿರಲಿಲ್ಲ ಅಲ್ಲವೇ?

ಕೊನೆಗೂ 2025ರ ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ಹೊಸ ಸಂವಿಧಾನವನ್ನು ಒಪ್ಪಿತು. ಅದರಲ್ಲಿ ಮಾಜಿ ಆಟಗಾರರಿಗೆ, ಅವರಲ್ಲಿ ಹೆಣ್ಣುಮಕ್ಕಳಿಗೂ, ಸಭೆಯಲ್ಲಿ ಜಾಗ ಇದೆ. ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಇನ್ನೊಂದು ಎಡವಟ್ಟು. ದೊಡ್ಡ ಲೀಗ್ ನಡೆಸುವ ಕಂಪನಿಯ ಜೊತೆಗಿನ 15 ವರ್ಷದ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಅಂತ ಮೊದಲೇ ತೀರ್ಮಾನ ಆಗದೆ ಇಂಡಿಯನ್ ಸೂಪರ್ ಲೀಗ್ ನಿಂತಿತು. ನಮ್ಮ ಬೆಂಗಳೂರು ಎಫ್‌.ಸಿ. ಕೂಡ ಆಗಸ್ಟ್‌ನಲ್ಲಿ ಆಟಗಾರರ ಸಂಬಳ ತಡೆಹಿಡಿಯಬೇಕಾಯಿತು. ಸಂಬಳ ನಿಂತರೆ ಮನೆ ಹೇಗೆ ನಡೆಯುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಅದೇ ವರ್ಷ ಜುಲೈ 5ರಂದು ನಮ್ಮ ದೇಶದ ಹೆಣ್ಣುಮಕ್ಕಳ ತಂಡ ಥಾಯ್ಲೆಂಡಿಗೆ ಹೋಗಿ ಥಾಯ್ಲೆಂಡನ್ನೇ 2–1ರಿಂದ ಸೋಲಿಸಿ, 2026ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅರ್ಹತಾ ಪಂದ್ಯ ಆಡಿ ಗೆದ್ದು ಹೋದದ್ದು ಇದೇ ಮೊದಲು. ಯಾರನ್ನು ಮೊದಲು ಲೆಕ್ಕಕ್ಕೇ ಇಟ್ಟಿರಲಿಲ್ಲವೋ ಅವರೇ ಮರ್ಯಾದೆ ಉಳಿಸಿದರು.

ಇಷ್ಟೆಲ್ಲಾ ಗಲಾಟೆ ಇದ್ದ ಮೇಲೆ ಫೆಡರೇಷನ್ ಯಾಕೆ ಬೇಕು, ಚೆಂಡು ಇದ್ದರೆ ಸಾಲದೇ ಅಂತ ನನ್ನ ಗೆಳತಿ ಕೇಳಿದಳು. ನಾನು ಯೋಚನೆ ಮಾಡಿದೆ. ಬೇಕು. ಪಂದ್ಯ ಆಡಿಸುವ ರೆಫರಿಗೆ ಪರೀಕ್ಷೆ ಮಾಡುವವರು ಬೇಕು. ಕೋಚ್‌ಗಳಿಗೆ ತರಬೇತಿ, ಲೈಸೆನ್ಸ್ ಕೊಡುವವರು ಬೇಕು. ಒಬ್ಬ ಆಟಗಾರ ಒಂದೇ ಸಲ ಎರಡು ಕ್ಲಬ್ಬಿಗೆ ಆಡದ ಹಾಗೆ ಹೆಸರು ದಾಖಲು ಮಾಡುವವರು ಬೇಕು. ದೇಶದ ತಂಡ ಆರಿಸುವವರು ಬೇಕು. ಇದಕ್ಕೆ ಒಂದು ಏಣಿ ಇದೆ. ಮೇಲೆ ಫಿಫಾ, ಅದರಲ್ಲಿ 211 ಸದಸ್ಯ ಸಂಘಗಳು. ಅದರ ಕೆಳಗೆ ಏಷ್ಯಾ ಒಕ್ಕೂಟ, ಅದರ ಕೆಳಗೆ ನಮ್ಮ ಎಐಎಫ್‌ಎಫ್, ಅದರ ಕೆಳಗೆ ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ, ಅದರ ಕೆಳಗೆ ಜಿಲ್ಲೆಗಳು. ಏಣಿ ಚೆನ್ನಾಗಿದೆ. ಆದರೆ ಏಣಿಯ ಕೆಳಗಿನ ಮೆಟ್ಟಿಲು ನಮ್ಮ ತಿರುಮಣಿಯ ನೆಲಕ್ಕೆ ತಾಗಿಲ್ಲ. ಇದೇ ನನ್ನ ಮುಖ್ಯ ದೂರು.

ನಮ್ಮ ಊರಿನ ಸುತ್ತ ನೋಡಿ. ಅಪ್ಪನ ಕಾಲದಲ್ಲಿ ಕಡ್ಲೇಕಾಯಿ ಕಿತ್ತ ಮೇಲೆ ಖಾಲಿ ಹೊಲವೇ ಮೈದಾನವಂತೆ. ಈಗ ಐದು ಊರು ಸೇರಿ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್, 2,050 ಮೆಗಾವಾಟ್ ಕರೆಂಟು. ನಾನು ಅದನ್ನು ಬೈಯುವುದಿಲ್ಲ. ಮಳೆ ಇಲ್ಲದೆ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಮನೆಗಳಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಬರ್ತಿದೆ. ಆದರೆ ಹೊಲಕ್ಕೆ ಬೇಲಿ ಬಿದ್ದ ಮೇಲೆ ಮಕ್ಕಳಿಗೆ ಉಳಿದಿದ್ದು ಶಾಲೆಯ ಮೈದಾನ ಒಂದೇ. ಒಂದು ಮೈದಾನ, ಒಂದು ಚೆಂಡು. ಹೀಗಿರುವಾಗ ಹಂಚಿಕೊಂಡು ಆಡುವುದನ್ನು ಕಲಿಯದಿದ್ದರೆ ಹೇಗೆ?

ಮೇಲಿನವರೂ ಏನೂ ಮಾಡಿಲ್ಲ ಅಂತಲ್ಲ. 2022ರ ಅಕ್ಟೋಬರ್‌ನಲ್ಲಿ ಫಿಫಾ, ನಮ್ಮ ಫೆಡರೇಷನ್, ಕೇಂದ್ರ ಶಿಕ್ಷಣ ಸಚಿವಾಲಯ ಸೇರಿ ‘ಫುಟ್‌ಬಾಲ್ ಫಾರ್ ಸ್ಕೂಲ್ಸ್’ ಅಂತ ಒಪ್ಪಂದ ಮಾಡಿಕೊಂಡವು. ದೇಶದ ಶಾಲೆಗಳಿಗೆ ಲಕ್ಷಗಟ್ಟಲೆ ಚೆಂಡು ಹಂಚುವ ಕೆಲಸ ಅದು. ಒಳ್ಳೆಯದೇ. ಆದರೆ ಚೆಂಡಿನ ಜೊತೆ ಹೇಳಿಕೊಡುವವರೂ ಬರಬೇಕು. ನಮ್ಮ ಪಿ.ಟಿ. ಮೇಷ್ಟ್ರಂಥವರಿಗೆ ತಾಲ್ಲೂಕಿನಲ್ಲೇ ಒಂದು ವಾರ ತರಬೇತಿ ಕೊಟ್ಟರೆ ಸಾಕು. ಹೋಬಳಿ ಮಟ್ಟದಲ್ಲಿ ವರ್ಷಕ್ಕೆ ಒಂದು ಪಂದ್ಯಾವಳಿ ನಡೆಸಿದರೆ ಸಾಕು. 1960ರಿಂದ ಶಾಲೆಗಳಿಗೆಂದೇ ಸುಬ್ರತೋ ಕಪ್ ನಡೆಯುತ್ತಿದೆ, ಅದರಲ್ಲಿ ಈಗ ಹೆಣ್ಣುಮಕ್ಕಳ ವಿಭಾಗವೂ ಇದೆ. ನಮ್ಮ ಶಾಲೆಯ ಹೆಸರೂ ಒಂದು ದಿನ ಅಲ್ಲಿ ಬರಬಾರದೇ?

ಈಗ ಕೊನೆಯ ಮಾತು, ಕೋಪ ಬರುವ ಮಾತು.

ನಾವು ಎಂಟು ದಿನ ಚೆಂಡಿಲ್ಲದೆ ಕೂತು, ಕೊನೆಗೆ ಒಂದು ಹಾಳೆಯಲ್ಲಿ ನಿಯಮ ಬರೆದೆವು. ಮೇಷ್ಟ್ರು ಬೀಗ ತೆಗೆದರು. ನಿಯಮ ಹೀಗಿತ್ತು:

1. ಚೆಂಡು ಶಾಲೆಯ ಬೀರುವಿನಲ್ಲೇ ಇರಬೇಕು, ಯಾರ ಮನೆಗೂ ಹೋಗಬಾರದು.

2. ಕ್ಯಾಪ್ಟನ್ನನ್ನು ಎರಡು ತಿಂಗಳಿಗೊಮ್ಮೆ ಚೀಟಿ ಹಾಕಿ ಆರಿಸಬೇಕು.

3. ಸೋಮವಾರ ಮತ್ತು ಗುರುವಾರ ಹೆಣ್ಣುಮಕ್ಕಳಿಗೆ, ಶನಿವಾರ ಆರು ಏಳನೇ ತರಗತಿಯವರಿಗೆ.

ಈ ಹಾಳೆಗೆ ನಾವೆಲ್ಲ ಸಹಿ ಹಾಕಿದ್ದೇವೆ. ಆದರೆ ಮೂರು ವಾರದಿಂದ ಗುರುವಾರ ನಮಗೆ ಚೆಂಡು ಸಿಕ್ಕಿಲ್ಲ. “ಇವತ್ತೊಂದು ದಿನ, ಮ್ಯಾಚ್ ಇದೆ” ಅಂತ ಹುಡುಗರು ತಗೊಂಡು ಹೋಗ್ತಾರೆ. ಶನಿವಾರ ಪುಟಾಣಿಗಳು ಮೈದಾನದ ಅಂಚಲ್ಲಿ ನಿಂತು ನೋಡ್ತಿರ್ತಾರೆ. ಕ್ಯಾಪ್ಟನ್ ಚುನಾವಣೆಯಲ್ಲೂ ಅವರಿಗೆ ಚೀಟಿ ಕೊಡಲಿಲ್ಲ, “ಅವರಿಗೇನು ಗೊತ್ತಾಗುತ್ತೆ” ಅಂದರು. ಅವತ್ತು ನಾನೂ ಸುಮ್ಮನಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ತೀನಿ. ಅವರೂ ಇಪ್ಪತ್ತು ರೂಪಾಯಿ ಕೊಟ್ಟಿದ್ದಾರೆ.

ದೊಡ್ಡ ಫೆಡರೇಷನ್ ಸಂವಿಧಾನ ಬರೆಯುವುದಕ್ಕೆ ಎಂಟು ವರ್ಷ ತಗೊಂಡಿತು ಅಂತ ನಾವು ನಗಬಹುದು. ನಾವು ಎಂಟು ದಿನದಲ್ಲಿ ಬರೆದೆವು, ಮೂರು ವಾರದಲ್ಲಿ ಮುರಿದೆವು. ಹಾಗಾದರೆ ನಗುವ ಹಕ್ಕು ನಮಗಿದೆಯಾ? ನಾಳೆ ನಮ್ಮಲ್ಲೇ ಯಾರೋ ಒಬ್ಬರು ತಾಲ್ಲೂಕಿನ ಸಂಘಕ್ಕೋ ಪಂಚಾಯಿತಿಗೋ ಹೋಗಿ ಕೂರುತ್ತಾರೆ. ಇಲ್ಲಿ ಚೆಂಡು ಹಂಚಿಕೊಳ್ಳದವರು ಅಲ್ಲಿ ಏನು ಹಂಚುತ್ತಾರೆ?

ಸಂಸ್ಥೆ ಅಂದರೆ ಚೆಂಡಿನ ಯಜಮಾನ ಅಲ್ಲ, ಚೆಂಡಿನ ಕಾವಲುಗಾರ. ಇಷ್ಟು ಓದಿದ ಮೇಲೆ ನನಗೆ ತಿಳಿದದ್ದು ಇದು. ದೆಹಲಿಯಲ್ಲಿ ಕೂತವರಿಗೂ ಇದೇ ಮಾತು, ಹತ್ತನೇ ತರಗತಿಯ ಅಣ್ಣಂದಿರಿಗೂ ಇದೇ ಮಾತು. ದೆಹಲಿಗೆ ನನ್ನ ಮಾತು ಮುಟ್ಟುವುದಿಲ್ಲ. ಈ ಗೋಡೆಯ ಮುಂದೆ ನಿಂತು ಓದುತ್ತಿರುವ ನಿಮಗೆ ಮುಟ್ಟುತ್ತದೆ.

ಬರುವ ಗುರುವಾರ ನಾಲ್ಕು ಗಂಟೆಗೆ ನಾವು ಹುಡುಗಿಯರು ಮೈದಾನಕ್ಕೆ ಬರುತ್ತೇವೆ. ಚೆಂಡಿಗೆ ಗಾಳಿ ತುಂಬಿ ಇಟ್ಟಿರಿ. ಹುಡುಗರು ನೋಡಲು ಬರಬಹುದು. ರೆಫರಿ ಆಗುವವರಿದ್ದರೆ ಇನ್ನೂ ಸಂತೋಷ, ನಮಗೆ ಒಬ್ಬರು ಬೇಕಾಗಿದ್ದಾರೆ.

ತಪ್ಪಿದ್ದರೆ ಗುರುಗಳು ತಿದ್ದಬೇಕು. ಸರಿಯಿದ್ದರೆ ಗೆಳೆಯರು ನಡೆದುಕೊಳ್ಳಬೇಕು.

ಇಂತಿ ನಿಮ್ಮ ಗೆಳತಿ,
ಒಂಬತ್ತನೇ ತರಗತಿ, ತಿರುಮಣಿ